ದಾನಿಗಳ ಜಿಲ್ಲೆಯಲ್ಲಿ ಸರಕಾರ ಎಲ್ಲಿದೆ?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಕರಾವಳಿಯಲ್ಲಿ ಒಂದು ಸಣ್ಣ ಹಬ್ಬವೇ ನಡೆಯುತ್ತದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೇ ಪ್ರಥಮ. 2025ರ ದ್ವಿತೀಯ ಪಿಯುಸಿಯಲ್ಲಿ ಮತ್ತೆ ಪ್ರಥಮ. ಮಂತ್ರಿಗಳಿಂದ ಹಿಡಿದು ವಾರ್ಡು ಸದಸ್ಯರ ತನಕ ಎಲ್ಲರೂ ಅಭಿನಂದನೆಯ ಫ್ಲೆಕ್ಸು ಹಾಕಿಸುತ್ತಾರೆ. ಮಕ್ಕಳು ಗೆದ್ದದ್ದಕ್ಕೆ ನನಗೂ ಸಂತೋಷವಿದೆ. ಆದರೆ ಫ್ಲೆಕ್ಸಿನಲ್ಲಿ ನಗುತ್ತಿರುವವರನ್ನು ಒಂದು ಮಾತು ಕೇಳಬೇಕು. ಸ್ವಾಮೀ, ಈ ಮಕ್ಕಳಿಗೆ ಪಾಠ ಮಾಡಿದವರಲ್ಲಿ ನೀವು ನೇಮಿಸಿದವರು ಎಷ್ಟು ಮಂದಿ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಸರಕಾರಿ ಶಾಲೆಗಳ ಅಂಗಳಕ್ಕೆ ಒಮ್ಮೆ ಕಾಲಿಟ್ಟು ನೋಡಿ. ರಂಗಮಂಟಪದ ಮೇಲೆ ಒಬ್ಬರ ಹೆಸರು, ನೀರಿನ ಟ್ಯಾಂಕಿನ ಮೇಲೆ ಇನ್ನೊಬ್ಬರ ಹೆಸರು, ಶಾಲಾ ವಾಹನದ ಮೇಲೆ ಹಳೆ ವಿದ್ಯಾರ್ಥಿ ಸಂಘದ ಹೆಸರು. ಬೊಂಬಾಯಿಯಲ್ಲಿ ಹೋಟೆಲು ನಡೆಸಿದವರು, ದುಬಾಯಿಯಲ್ಲಿ ಬೆವರು ಸುರಿಸಿದವರು ತಮ್ಮೂರಿನ ಶಾಲೆಯನ್ನು ಮರೆತಿಲ್ಲ. ಬಾರ್ಕೂರಿನ ಸರಕಾರಿ ಪ್ರಥಮ ದರ್ಜೆ ಕಾಲೇಜು ರುಕ್ಮಿಣಿ ಶೆಡ್ತಿಯವರ ಸ್ಮಾರಕ. ಕೋಟೇಶ್ವರದ್ದು ಕಾಳಾವರ ವರದರಾಜ ಎಂ. ಶೆಟ್ಟಿಯವರ ಹೆಸರಿನದು. ಸದ್ಕಾ, ಝಕಾತಿನ ಮಾತು ಕೇಳುತ್ತಾ ಬೆಳೆದ ನನಗೆ ಕೊಡುವ ಕೈಯ ಬಗ್ಗೆ ತಕರಾರು ಇರಲು ಸಾಧ್ಯವಿಲ್ಲ. ತಕರಾರು ಇರುವುದು ಆ ಕೈಯ ಹಿಂದೆ ಅಡಗಿ ಕುಳಿತ ಸರಕಾರದ ಬಗ್ಗೆ. ದಾನಿಗಳು ಕೋಣೆ ಕಟ್ಟಿಸಬಹುದು, ಬೆಂಚು ಕೊಡಿಸಬಹುದು. ಗಣಿತದ ಮೇಷ್ಟ್ರ ಹುದ್ದೆಯೊಂದನ್ನು ಮಂಜೂರು ಮಾಡಿ, ಅದಕ್ಕೆ ಒಬ್ಬರನ್ನು ನೇಮಿಸಿ, ಅವರು ನಿವೃತ್ತರಾಗುವ ತನಕ ಸಂಬಳ ಕೊಡುವ ಕೆಲಸ ಸರಕಾರದ್ದು ಮಾತ್ರ. ಆ ಕೆಲಸ ಆಗದ ಕಡೆ ಹೆತ್ತವರೇ ತಿಂಗಳಿಗಿಷ್ಟು ಎಂದು ಹಣ ಕೂಡಿಸಿ ‘ಗೌರವ ಶಿಕ್ಷಕಿ’ಯನ್ನು ಇಟ್ಟುಕೊಳ್ಳುತ್ತಾರೆ. ಆ ತಾಯಿಯ ಶ್ರಮವೂ ಸೇರಿ ಜಿಲ್ಲೆ ಪ್ರಥಮ ಬರುತ್ತದೆ, ಕೀರ್ತಿ ಮಾತ್ರ ಇಲಾಖೆಗೆ ಹೋಗುತ್ತದೆ.

ಕಾನೂನು ಏನನ್ನುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇ. 25 ಸೀಟು ಎಂಬ ಅದರ ಒಂದು ಸಾಲು ಎಲ್ಲರಿಗೂ ಬಾಯಿಪಾಠ. ಅದೇ ಕಾಯಿದೆಯ 26ನೇ ಕಲಮನ್ನು ಓದಿದವರು ಕಡಿಮೆ. ಸರಕಾರಿ ಶಾಲೆಯೊಂದರಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರದಂತೆ ನೋಡಿಕೊಳ್ಳುವುದು ನೇಮಕ ಮಾಡುವ ಅಧಿಕಾರಿಯ ಹೊಣೆ ಎಂದು ಅದು ಹೇಳುತ್ತದೆ. ಲೆಕ್ಕ ಹಾಕಿ ನೋಡಿ. ಐದು ಹುದ್ದೆಗಳ ನಮ್ಮ ಹಳ್ಳಿ ಶಾಲೆಯಲ್ಲಿ ಒಂದೇ ಒಂದು ಕುರ್ಚಿ ಖಾಲಿಯಾದರೂ ಅದು ಶೇ. 20, ಅಂದರೆ ಕಾನೂನಿನ ಉಲ್ಲಂಘನೆ. ಹೆಲ್ಮೆಟ್ ಇಲ್ಲದೆ ಸಂತೆಗೆ ಹೊರಟ ಬಡವನಿಗೆ ದಂಡ ಹಾಕಲು ರಸ್ತೆಯ ತಿರುವಿನಲ್ಲಿ ಪೊಲೀಸರಿದ್ದಾರೆ. ಈ ಕಲಮು ಮುರಿದ ಸರಕಾರಕ್ಕೆ ದಂಡ ಹಾಕುವವರು ಯಾವ ತಿರುವಿನಲ್ಲಿದ್ದಾರೆ?

ಖಾಲಿ ಕುರ್ಚಿಗೆ ಸರಕಾರ ಕಂಡುಕೊಂಡ ಮದ್ದಿನ ಹೆಸರು ‘ಅತಿಥಿ ಶಿಕ್ಷಕ’. 2025-26ನೇ ಸಾಲಿಗೆ ಪ್ರಾಥಮಿಕ, ಪ್ರೌಢಶಾಲೆಗಳಿಗೆ ಇಂಥ ಸುಮಾರು 51 ಸಾವಿರ ಮಂದಿಯನ್ನು ತೆಗೆದುಕೊಳ್ಳಲು ಅನುಮತಿ ಕೊಡಲಾಯಿತು. 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿಗೆ ಸಿಕ್ಕಿದ್ದು ತಿಂಗಳಿಗೆ 12 ಸಾವಿರ ರೂಪಾಯಿ. ನಮ್ಮ ಮನೆಗಳಲ್ಲಿ ಮೆಹಮಾನ್ ಬಂದರೆ ಚಾಪೆ ಬಿಟ್ಟು ಜಮಖಾನೆ ಹಾಸುತ್ತೇವೆ, ಇದ್ದದ್ದರಲ್ಲಿ ಒಳ್ಳೆಯದನ್ನು ಅವರ ತಟ್ಟೆಗೆ ಬಡಿಸುತ್ತೇವೆ. ಸರಕಾರದ ಮನೆಯಲ್ಲಿ ಅತಿಥಿಯೇ ಒಲೆ ಹಚ್ಚಬೇಕು, ಪಾತ್ರೆ ತೊಳೆಯಬೇಕು, ಬೇಸಗೆ ಬಂದಾಗ ಎದ್ದು ಹೋಗಬೇಕು. ಬಿ.ಎಡ್. ಮುಗಿಸಿ ಹತ್ತು ವರ್ಷ ಹೀಗೆ ‘ಅತಿಥಿ’ಯಾಗಿಯೇ ಇರುವವರಿಗೆ ವಯೋಮಿತಿ ಮೀರಿ ಹೋಗುತ್ತದೆ. ಆ ಹತ್ತು ವರ್ಷಕ್ಕೆ ಉತ್ತರ ಹೇಳುವವರು ಯಾರೂ ಇಲ್ಲ. ಒಬ್ಬರೇ ಶಿಕ್ಷಕರಿರುವ ಶಾಲೆಗಳು ಕರ್ನಾಟಕದಲ್ಲಿ 7,349 ಎಂದು 2024-25ರ ಕೇಂದ್ರ ಸರಕಾರದ ಯುಡೈಸ್ ಅಂಕಿ ಅಂಶವೇ ಹೇಳಿದೆ. ಒಬ್ಬರು ಐದು ತರಗತಿಗೆ ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಮೊಟ್ಟೆ ಎಣಿಸಿ, ಮೀಟಿಂಗಿಗೂ ಓಡಬೇಕು.

ಇನ್ನು ಸಮೀಕ್ಷೆಗಳು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ ಅದೇ ಕಾಯಿದೆಯ 27ನೇ ಕಲಮು. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆಯಲಾಯಿತು. ಸಮೀಕ್ಷೆ ಬೇಕಾದದ್ದೇ, ನಮ್ಮಂಥ ಸಮುದಾಯಗಳಿಗಂತೂ ಬೇಕೇ ಬೇಕು. ಆದರೆ ನಮ್ಮ ಮಕ್ಕಳು ಶಿಕ್ಷಣದಲ್ಲಿ ಎಷ್ಟು ಹಿಂದುಳಿದಿದ್ದಾರೆ ಎಂದು ಎಣಿಸಲು ಅವರ ಮೇಷ್ಟ್ರನ್ನೇ ತರಗತಿಯಿಂದ ಎಬ್ಬಿಸಿ ಕರೆದೊಯ್ಯುವ ಜಾಣತನಕ್ಕೆ ಏನೆನ್ನೋಣ?

ಉರ್ದು ಶಾಲೆಗಳ ಮಾತು ಬಂದರೆ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಅಲಿಫ್-ಬೆ ಮತ್ತು ಅ-ಆ ಎರಡನ್ನೂ ಸರಕಾರಿ ಶಾಲೆಯ ಕರಿಹಲಗೆಯ ಮೇಲೆ ಕಲಿತವನು ನಾನು. ಉರ್ದು ಶಾಲೆ ಹೇಗೆ ಸಾಯುತ್ತದೆ ಎಂಬುದಕ್ಕೆ ಒಂದು ಕ್ರಮವಿದೆ. ಮೊದಲು ಉಸ್ತಾದರು ನಿವೃತ್ತರಾಗುತ್ತಾರೆ. ಆ ಹುದ್ದೆ ತುಂಬುವುದಿಲ್ಲ. ಒಂದೆರಡು ವರ್ಷ ಕಾದ ಹೆತ್ತವರು ಸಾಲ ಮಾಡಿ ಮಗುವನ್ನು ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿಸುತ್ತಾರೆ. ಹಾಜರಿ ಪುಸ್ತಕ ತೆಳ್ಳಗಾಗುತ್ತದೆ. ಆಗ ಇಲಾಖೆಯವರು ಬಂದು, ಮಕ್ಕಳೇ ಇಲ್ಲದಿರುವಾಗ ಹುದ್ದೆ ಯಾಕೆ ಎಂದು ಕೇಳುತ್ತಾರೆ! ಹೊಂಡ ತೋಡಿದವರೇ ಬಂದು ಹೊಂಡದ ಆಳ ಅಳೆಯುವ ಈ ವಿದ್ಯೆಗೆ ಕಡತದಲ್ಲಿ ‘ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ’ ಎಂಬ ಗೌರವದ ಹೆಸರಿದೆ. ಕನ್ನಡ ಶಾಲೆಗಳ ಕತೆ ಬೇರೆಯೇನಲ್ಲ. ಕನ್ನಡ ಕನ್ನಡ ಎಂದು ನವೆಂಬರಿನಲ್ಲಿ ಎದೆ ತಟ್ಟಿಕೊಳ್ಳುವವರು ಇದನ್ನೂ ಗಮನಿಸಬೇಕು.

ನಮ್ಮ ಸಮುದಾಯದ ಹಿರಿಯರನ್ನೂ ಇಲ್ಲಿ ಬಿಡುವ ಹಾಗಿಲ್ಲ. ಶಿರೂರು, ಗಂಗೊಳ್ಳಿಯಂಥ ಊರುಗಳಿಗೆ ಕೊಲ್ಲಿಯ ಹಣ ಬಂದಿದೆ. ಒಳ್ಳೆಯ ಮಸೀದಿಗಳು, ಖಾಸಗಿ ಶಾಲೆಗಳು ಎದ್ದಿವೆ. ಆದರೆ ಸರಕಾರಿ ಉರ್ದು ಶಾಲೆಯ ಎಸ್‌ಡಿಎಂಸಿ ಸಭೆಗೆ ಜಮಾಅತಿನ ಯಾವ ಅಧ್ಯಕ್ಷರು ಹೋಗಿ ಕೂತಿದ್ದಾರೆ? ಗುಂಬಜಿನ ಬಣ್ಣಕ್ಕೆ ಎರಡು ತಿಂಗಳು ಚರ್ಚಿಸುವ ನಮಗೆ ಉಸ್ತಾದರ ಖಾಲಿ ಹುದ್ದೆಗೆ ಒಂದು ಅರ್ಜಿ ಬರೆಯಲು ಪುರುಸೊತ್ತಿಲ್ಲ. ಹಣವಿದ್ದವರ ಮಗು ವ್ಯಾನು ಹತ್ತಿದ ಮೇಲೂ ಆ ಶಾಲೆಯಲ್ಲಿ ಉಳಿಯುವುದು ಮೀನು ಮಾರುವವಳ ಮಗು, ಗುಜರಿಯವನ ಮಗು.

ದಾನವನ್ನು ನಂಬಿ ಸರಕಾರ ಕೈಕಟ್ಟಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಬೇರೆಲ್ಲೂ ಹುಡುಕಬೇಕಿಲ್ಲ. ಉಡುಪಿಯ ಹೆರಿಗೆ ಆಸ್ಪತ್ರೆ ಸಾಕು. ಬೈಂದೂರಿನಿಂದ ಸುಮಾರು 70 ಕಿಲೋಮೀಟರು ದೂರ. ಆದರೂ ನಮ್ಮ ಮೂರೂ ತಾಲೂಕುಗಳ ಬಡ ಬಸುರಿಯರಿಗೆ ಅದೇ ಜಿಲ್ಲಾ ಆಸ್ಪತ್ರೆ. ಅದರ ಜಾಗ ಹಾಜಿ ಅಬ್ದುಲ್ಲಾ ಸಾಹೇಬರ ದಾನ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಬೀಜ ನೆಟ್ಟ ಅದೇ ಪುಣ್ಯಾತ್ಮರು. ಹಾಜಿಯವರು ಜಾಗ ಕೊಟ್ಟದ್ದು ಸರಕಾರ ಅಲ್ಲಿ ಬಡವರನ್ನು ನೋಡಿಕೊಳ್ಳಲಿ ಎಂದು. ಸರಕಾರ ಮಾಡಿದ್ದೇನು? 2016ರಲ್ಲಿ ಅದನ್ನು ಉದ್ಯಮಿ ಬಿ.ಆರ್. ಶೆಟ್ಟಿಯವರ ಸಂಸ್ಥೆಗೆ ಒಪ್ಪಿಸಿತು. ಒಂದು ಕಡೆ 200 ಹಾಸಿಗೆಗಳ ಉಚಿತ ತಾಯಿ-ಮಕ್ಕಳ ಆಸ್ಪತ್ರೆ ಕಟ್ಟಿ ನಡೆಸಿಕೊಡುವುದು, ಇನ್ನೊಂದು ಕಡೆ ತಮ್ಮದೇ ಖಾಸಗಿ ಆಸ್ಪತ್ರೆ ಕಟ್ಟಿಕೊಳ್ಳುವುದು ಒಪ್ಪಂದ. ಆಗಲೇ ಇಲ್ಲಿ ವಿರೋಧದ ದನಿಗಳೆದ್ದವು, ಅಭಿವೃದ್ಧಿ ವಿರೋಧಿಗಳು ಎಂಬ ಬಿರುದೂ ಸಿಕ್ಕಿತು. 2017ರ ನವೆಂಬರಿನಲ್ಲಿ ಹೊಸ ಕಟ್ಟಡ ಉದ್ಘಾಟನೆಯಾಯಿತು. ಹಾಜಿಯವರ ಹೆಸರಿನ ಮುಂದೆ ಇನ್ನೊಂದು ಕುಟುಂಬದ ಹೆಸರು ಸೇರಿತು. ಎರಡು ಮೂರು ವರ್ಷದೊಳಗೆ ಆ ಉದ್ಯಮಿಯ ಅಬುಧಾಬಿಯ ಸಾಮ್ರಾಜ್ಯವೇ ಕುಸಿಯಿತು. 2021ರಲ್ಲಿ ನರ್ಸುಗಳು, ಸಿಬ್ಬಂದಿ ಸಂಬಳವಿಲ್ಲದೆ ಆಸ್ಪತ್ರೆಯ ಎದುರು ಧರಣಿ ಕೂತರು. ಕೊರೋನಾದ ವರ್ಷ ಅದು, ಊರಿಗೆ ಊರೇ ನರ್ಸುಗಳಿಗೆ ಚಪ್ಪಾಳೆ ತಟ್ಟಿ ಮುಗಿಸಿತ್ತು. ಕೊನೆಗೆ 2022ರಲ್ಲಿ ಸರಕಾರವೇ ಆಸ್ಪತ್ರೆಯನ್ನು ಮರಳಿ ವಹಿಸಿಕೊಳ್ಳಬೇಕಾಯಿತು.

ಈ ಐದಾರು ವರ್ಷದ ಪ್ರಯೋಗಕ್ಕೆ ಸಹಿ ಹಾಕಿದ ಮಂತ್ರಿ, ಕಾರ್ಯದರ್ಶಿ, ಜಿಲ್ಲಾಧಿಕಾರಿಗಳಲ್ಲಿ ಒಬ್ಬರಾದರೂ ಉಡುಪಿಗೆ ಬಂದು ಜನರ ಮುಂದೆ ವಿವರಣೆ ಕೊಟ್ಟರೇ? ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್ ಐನೂರು ರೂಪಾಯಿ ತಪ್ಪು ಲೆಕ್ಕ ಬರೆದರೆ ಅಮಾನತು ಆಗುತ್ತದೆ.

ಈಗ ತಾಲೂಕುಗಳ ಸರದಿ. ಬೈಂದೂರು, ಬ್ರಹ್ಮಾವರ ತಾಲೂಕಾಗಬೇಕೆಂದು ಜನ ದಶಕಗಳ ಕಾಲ ಕೂಗಿದರು. 2013ರ ಬಜೆಟ್ಟಿನಲ್ಲಿ ಒಮ್ಮೆ ಘೋಷಣೆ, 2017ರ ಬಜೆಟ್ಟಿನಲ್ಲಿ ಮತ್ತೊಮ್ಮೆ ಘೋಷಣೆ, ಕಡೆಗೆ 2018ರಲ್ಲಿ ತಾಲೂಕು. ತಹಶೀಲ್ದಾರರ ಕುರ್ಚಿ ಬಂತು, ಬೋರ್ಡು ಬಂತು. ಇಲಾಖೆಗಳೆಲ್ಲ ಒಟ್ಟಿಗೆ ಬರಲಿಲ್ಲ. ಬಂದ ಕಡೆಯೂ ‘ಪ್ರಭಾರ’ ಎಂಬ ಭೂತ ಹೊಕ್ಕಿತು. ಒಬ್ಬರೇ ಅಧಿಕಾರಿ ಸೋಮವಾರ ಇಲ್ಲಿ, ಬುಧವಾರ ಅಲ್ಲಿ. “ಸಾಯ್ಬ್ರೇ, ಸರ್ ಇಲ್ಲೆ, ಮೀಟಿಂಗಿಗೆ ಹೋಯಿರ್” ಎಂಬ ಜವಾನನ ಮಾತು ಕೇಳಿ ಮರಳುವವನ ಆ ದಿನದ ಕೂಲಿಯನ್ನು ಯಾರು ಕೊಡುತ್ತಾರೆ? 2011ರ ಸಕಾಲ ಕಾಯಿದೆಯಲ್ಲಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವಿದೆ. ಅದು ಕುರ್ಚಿಯಲ್ಲಿ ಕೂತವರಿಂದ ವಸೂಲಿಯಾಗಬೇಕಾದ ಹಣ. ಕುರ್ಚಿಯನ್ನೇ ವರ್ಷಗಟ್ಟಲೆ ಖಾಲಿ ಬಿಟ್ಟವರಿಗೆ ದಿನಕ್ಕೆ 20 ರೂಪಾಯಿಯ ದಂಡವೂ ಇಲ್ಲ.

2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟ ಎರಡನೇ ತರಗತಿಯ ಮಗುವೊಂದು ಕಾಲುಸಂಕದಿಂದ ಜಾರಿ ಹೊಳೆಯ ಪಾಲಾಯಿತು. ಆ ಮೇಲೆ ಎಲ್ಲೆಲ್ಲಿ ಕಾಲುಸಂಕಗಳಿವೆ ಎಂದು ಲೆಕ್ಕ ಹಾಕಲು ಹೊರಟರು. ತಾಲೂಕು ಆಗಿ ನಾಲ್ಕು ವರ್ಷ ದಾಟಿತ್ತು. ಮಳೆಗಾಲ ಇಲ್ಲಿಗೆ ಹೇಳದೆ ಕೇಳದೆ ಬರುವ ನೆಂಟನಲ್ಲ, ಪ್ರತಿ ಜೂನಿನಲ್ಲಿ ಬರುತ್ತದೆ. ಮಕ್ಕಳು ಸಂಕ ದಾಟುವುದು ಯಾವ ಎಂಜಿನಿಯರನ ಮೇಜಿನ ಮೇಲೆ ಬರೆದಿಡಬೇಕಾದ ವಿಷಯವಾಗಿತ್ತು? ಹಣವಿರಲಿಲ್ಲ ಎಂದು ಮಾತ್ರ ಹೇಳಬೇಡಿ. ಇದೇ ನೆಲದಲ್ಲಿ 1979ರಲ್ಲಿ 9.43 ಕೋಟಿ ಅಂದಾಜಿನೊಂದಿಗೆ ಹೊರಟ ವಾರಾಹಿ ನೀರಾವರಿ ಯೋಜನೆ ನೂರಾರು ಕೋಟಿ ನುಂಗಿದೆ, ಎಡದಂಡೆಯ ಕಾಲುವೆ ನೀರು ಕಾಣಲು ಮೂರೂವರೆ ದಶಕ ಹಿಡಿಯಿತು. ಕುಂದಾಪುರದ ಶಾಸ್ತ್ರಿ ಸರ್ಕಲಿನ ಫ್ಲೈಓವರು 2021ರಲ್ಲಿ ತೆರೆಯುವ ತನಕ ವರ್ಷಗಟ್ಟಲೆ ಅರ್ಧಕ್ಕೆ ನಿಂತಾಗ ಎಲ್ಲರೂ ಬೈದರು, ಕಾರಿನಲ್ಲಿ ಹೋಗುವವರ ಕಣ್ಣಿಗೂ ಬೀಳುತ್ತಿತ್ತಲ್ಲ. ಕಾಲುಸಂಕ ಕಾರಿಗೆ ಕಾಣುವುದಿಲ್ಲ.

2022ರ ಫೆಬ್ರವರಿಯ ನೆನಪು ತೆಗೆಯದೆ ಈ ಮಾತು ಮುಗಿಸಲಾಗದು. ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಗೇಟು ತಲೆವಸ್ತ್ರ ಹಾಕಿದ ಹುಡುಗಿಯರ ಮುಖಕ್ಕೆ ಮುಚ್ಚಿದ್ದನ್ನು ಇಡೀ ದೇಶ ನೋಡಿತು. ಅದರ ನ್ಯಾಯಾನ್ಯಾಯ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಒಮ್ಮತ ಮೂಡಿಸಲಿಲ್ಲ, ಇಲ್ಲಿ ಅದನ್ನು ಬಗೆಹರಿಸಲು ಹೊರಟಿಲ್ಲ. ನಾನು ಕೇಳುವುದು ಆಗ ದಿಢೀರನೆ ಪ್ರಸಿದ್ಧವಾದ ಕಾಲೇಜು ಅಭಿವೃದ್ಧಿ ಸಮಿತಿಯ ಬಗ್ಗೆ. ಶಾಸಕರೇ ಅಧ್ಯಕ್ಷರಾಗಿರುವ ಈ ಸಮಿತಿಗಳು 2014ರ ಸುತ್ತೋಲೆಯಿಂದ ಹುಟ್ಟಿದ್ದು ಅನುದಾನದ ಸದ್ಬಳಕೆ, ಮೂಲಸೌಕರ್ಯ, ಶೈಕ್ಷಣಿಕ ಗುಣಮಟ್ಟ ನೋಡಿಕೊಳ್ಳಲು. ಬಟ್ಟೆಯ ವಿಷಯದಲ್ಲಿ ಅವು ತೋರಿಸಿದ ಚುರುಕನ್ನು ಉಪನ್ಯಾಸಕರ ಹುದ್ದೆಯ ವಿಷಯದಲ್ಲಿ ತೋರಿಸಿದ್ದನ್ನು ಯಾರಾದರೂ ಕಂಡಿದ್ದೀರಾ? ಕೇಸರಿ ಶಾಲು ಹೊದ್ದು ಬಂದ ಹುಡುಗರೇ, ನಿಮಗೂ ಅದೇ ಪಾಠ ತಪ್ಪಿತ್ತು. ಭೌತಶಾಸ್ತ್ರದ ಮೇಷ್ಟ್ರಿಲ್ಲ ಎಂದು ನಿಮ್ಮನ್ನು ಗೇಟಿನ ಮುಂದೆ ನಿಲ್ಲಿಸಲು ಯಾವ ನಾಯಕನೂ ಬರಲಿಲ್ಲವಲ್ಲ.

ನೆಪಗಳಿಗೆ ಬರಗಾಲವಿಲ್ಲ. ಗ್ಯಾರಂಟಿ ಯೋಜನೆಗಳಿಂದ ಬೊಕ್ಕಸ ಖಾಲಿ ಎನ್ನುತ್ತಾರೆ ವಿರೋಧ ಪಕ್ಷದವರು. ರಾಜ್ಯದಲ್ಲಿ ಮಂಜೂರಾದ ಸುಮಾರು 7.7 ಲಕ್ಷ ಹುದ್ದೆಗಳಲ್ಲಿ ಎರಡೂವರೆ ಲಕ್ಷ, ಅಂದರೆ ಮೂರರಲ್ಲೊಂದು, 2023ರ ಮೇ ತಿಂಗಳ ಚುನಾವಣೆಗೆ ಮೊದಲೇ ಖಾಲಿ ಇದ್ದವು, ಸ್ವಾಮೀ. ಆಗ ಆಳುತ್ತಿದ್ದವರು ಯಾರು? ಇತ್ತ ಆಳುವವರಿಗೆ ಒಮ್ಮೆ ಕೋರ್ಟು ನೆಪ, ಒಮ್ಮೆ ಒಳಮೀಸಲಾತಿ ನೆಪ. 2022ರಲ್ಲಿ 15 ಸಾವಿರ ಪದವೀಧರ ಶಿಕ್ಷಕರಿಗೆ ಅರ್ಜಿ ಕರೆದು ಪರೀಕ್ಷೆ ಮುಗಿಸಿದರು, ಆಯ್ಕೆಯಾದವರಿಗೆ ದಾರಿ ಸುಗಮವಾದದ್ದು 2023ರ ಅಕ್ಟೋಬರಿನಲ್ಲಿ. 2024ರ ಅಕ್ಟೋಬರಿನಲ್ಲಿ ಹೊಸ ನೇಮಕಾತಿಯ ಅಧಿಸೂಚನೆಗಳನ್ನೇ ತಡೆಹಿಡಿದರು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ಅದರ ಹೆಸರಿನಲ್ಲಿ ತರಗತಿಗೆ ಬೀಗ ಹಾಕಿ ಎಂದು ಯಾವ ದಲಿತ ತಾಯಿಯೂ ಕೇಳಿಲ್ಲ.

ಇಷ್ಟರ ನಡುವೆ ಪ್ರಶ್ನೆ ಕೇಳಬೇಕಾದವರ ಕುರ್ಚಿಗಳೂ ಖಾಲಿಯಾದವು. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆ ಬಳಿಕ ನಾಲ್ಕು ವರ್ಷ ದಾಟಿದರೂ ಚುನಾವಣೆ ನಡೆಸಲಿಲ್ಲ. ಒಂದು ಪಕ್ಷದ ಸರಕಾರ ಹೋಗಿ ಇನ್ನೊಂದು ಬಂದರೂ ಈ ವಿಷಯದಲ್ಲಿ ಅಣ್ಣ-ತಮ್ಮಂದಿರ ಒಗ್ಗಟ್ಟು. ಜಿಲ್ಲೆಯ ಶಿಕ್ಷಣ, ಆರೋಗ್ಯದ ಖರ್ಚನ್ನು ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯರ ಬದಲು ಆಡಳಿತಾಧಿಕಾರಿಗಳು ಬಂದರು. ಅಧಿಕಾರಿಗಳ ಲೆಕ್ಕವನ್ನು ಅಧಿಕಾರಿಗಳೇ ಒಪ್ಪುವುದು, ಅಷ್ಟೆ.

ಉಳಿದಿರುವುದು ಗ್ರಾಮಸಭೆ. ಅಲ್ಲಿ ಬೀದಿದೀಪ, ಚರಂಡಿಯ ಮಾತು ಮುಗಿದ ಮೇಲೆ ಎದ್ದು ನಿಂತು ಕೇಳಿ. ನಮ್ಮೂರಿನ ಶಾಲೆಗೆ, ಆರೋಗ್ಯ ಕೇಂದ್ರಕ್ಕೆ ಮಂಜೂರಾದ ಹುದ್ದೆ ಎಷ್ಟು, ಕಾಯಂ ನೌಕರರು ಎಷ್ಟು, ಖಾಲಿ ಇರುವ ಹುದ್ದೆ ಯಾವ ತಾರೀಕಿನಿಂದ ಖಾಲಿ, ತುಂಬಲು ಯಾರಿಗೆ ಎಂದು ಬರೆದಿರಿ. ದಾನಿಗಳ ಹೆಸರು ಕೆತ್ತಿದ ಗೋಡೆಯಲ್ಲೇ ಈ ಪಟ್ಟಿಗೂ ಒಂದು ಹಲಗೆ ಹಾಕಲು ಹೇಳಿ. ಹಿಂದೂಗಳ ಮಗು, ಮುಸ್ಲಿಮರ ಮಗು ಅದೇ ಬೆಂಚಿನಲ್ಲಿ ಕೂರುವುದರಿಂದ ಈ ಪ್ರಶ್ನೆಗೆ ಇಬ್ಬರೂ ಜೊತೆಯಾಗಿ ಎದ್ದು ನಿಂತರೆ ಒಳ್ಳೆಯದು. ಉತ್ತರ ಬಾಯಿಮಾತಿನಲ್ಲಿ ಬೇಡ. ನಡಾವಳಿ ಪುಸ್ತಕದಲ್ಲಿ ಬರೆಸಿ, ನೋಡಲ್ ಅಧಿಕಾರಿಯ ಸಹಿ ಹಾಕಿಸಿ, ಅದರ ಒಂದು ಪ್ರತಿಯನ್ನು ಅಂದೇ ಕೇಳಿ ಪಡೆಯಿರಿ.