ಸಹಿ ಹಾಕುವ ಮುನ್ನ ಪದದ ಬಾಲ ನೋಡಿ

ಆಪರೇಷನ್‌ಗೆ ಮುಂಚೆ ನರ್ಸ್ ಒಂದು ಫಾರಂ ತಂದು ‘ಇಲ್ಲೊಂದು ಸೈನ್ ಮಾಡಿ’ ಅನ್ನುತ್ತಾರೆ. ಬಾಡಿಗೆ ಕರಾರನ್ನು ಎರಡೆರಡು ಸಲ ಓದಿಸಿಕೊಳ್ಳುವವರೂ ಅಲ್ಲಿ ಮಾತ್ರ ಪೆನ್ನು ಕೇಳಿ ಗೀಚಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಪರೇಷನ್ನಿನ ಹೆಸರನ್ನು ಪೂರ್ತಿ ಬಿಡಿಸಿ ಓದಲಾಗದಿದ್ದರೂ ಸರಿ, ಅದು ಎಲ್ಲಿ ಮುಗಿಯುತ್ತದೆ ಎಂಬುದನ್ನಾದರೂ ನೋಡಿ.

‘ಸ್ಕೋಪಿ’ ಎಂದು ಮುಗಿದರೆ ಉಪಕರಣ ಇಳಿಸಿ ಒಳಗೆ ನೋಡುತ್ತಾರೆ. ಲ್ಯಾಪರಾಟಮಿಯಂತೆ ‘ಆಟಮಿ’ ಬಂದರೆ ಕೊಯ್ದು ತೆರೆಯುತ್ತಾರೆ. ‘ಎಕ್ಟಮಿ’ ಬಂತೋ, ಅಂಗವನ್ನೋ ಅದರ ಭಾಗವನ್ನೋ ಕತ್ತರಿಸಿ ತೆಗೆಯುತ್ತಾರೆ. ‘ಆಸ್ಟಮಿ’ ಬೇರೆಯೇ: ಕೊಲಾಸ್ಟಮಿ ಆದವರಿಗೆ ಮಲ ಹೋಗಲು ಹೊಟ್ಟೆಯ ಮೇಲೆ ದಾರಿ ಮಾಡಿ ಚೀಲ ಹಾಕಿರುತ್ತಾರೆ. ಅವಸರದಲ್ಲಿ ಇವೆಲ್ಲ ಕಿವಿಗೆ ಒಂದೇ ಥರ ಕೇಳುತ್ತವೆ. ಆಂಜಿಯೋಗ್ರಾಂ ಅಂದರೆ ರಕ್ತನಾಳದ ಚಿತ್ರ, ಆಂಜಿಯೋಪ್ಲಾಸ್ಟಿ ಅಂದರೆ ಕಟ್ಟಿಕೊಂಡ ನಾಳವನ್ನು ಹಿಗ್ಗಿಸುವ ಚಿಕಿತ್ಸೆ. ‘ಲ್ಯಾಪರೋಸ್ಕೋಪಿಕ್’ ಎಂದು ಶುರುವಾಗುವ ಹೆಸರುಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ‘ಚಿಕ್ಕ ತೂತು ಹಾಕಿ ಮಾಡೋದು’ ಎಂಬುದಷ್ಟೇ ಮನೆಯವರ ತಲೆಯಲ್ಲಿ ಉಳಿಯುತ್ತದೆ. ಮುಂದೆ ‘ಕೊಲಿಸಿಸ್ಟೆಕ್ಟಮಿ’ ಎಂದಿದ್ದರೆ ಆ ತೂತಿನಿಂದಲೇ ಪಿತ್ತಕೋಶ ಹೊರಗೆ ಬರುತ್ತದೆ.

1995ರಲ್ಲಿ ದೆಹಲಿಯ 44 ವರ್ಷದ ಮಹಿಳೆಯೊಬ್ಬರು ಸಹಿ ಹಾಕಿದ್ದು ಲ್ಯಾಪರೋಸ್ಕೋಪಿಗೆ, ಬೇಕಾದರೆ ಲ್ಯಾಪರಾಟಮಿಗೆ. ಅವರು ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಹಿಸ್ಟರೆಕ್ಟಮಿ ಮಾಡಿದರು. ಗರ್ಭಕೋಶದ ಜತೆ ಅಂಡಾಶಯಗಳೂ ಹೋದವು. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ 2008ರ ಜನವರಿಯಲ್ಲಿ ಬರೆದ ತೀರ್ಪಿನ ತಿರುಳು ಇಷ್ಟು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯುವುದಕ್ಕೆ ಸಲ್ಲದು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ, ರೋಗಿಗೆ ಎಚ್ಚರವಾದ ಮೇಲೆ ಅವರನ್ನೇ ಕೇಳಬೇಕು. ತಾಯಿಯ ಸಹಿಯೂ ನಡೆಯದು.

ಆಕೆ ಕೋರ್ಟಿಗೆ ಹೋಗಬಲ್ಲವರಾಗಿದ್ದರು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು, ಬೇಡದಿದ್ದರೂ ನಮ್ಮ ಗರ್ಭಕೋಶ ತೆಗೆದರು ಎಂದು ಹೋರಾಟಕ್ಕೆ ಇಳಿಯಬೇಕಾಯಿತು.

ಬಾಲ ನೋಡಿ ರೋಗವನ್ನೇ ನಿರ್ಧರಿಸಹೋಗಬೇಡಿ, ಅದು ಇನ್ನೊಂದು ಅಪಾಯ. ‘ಐಟಿಸ್’ ಬಹುತೇಕ ಉರಿಯೂತವೇ, ಅಪೆಂಡಿಸೈಟಿಸ್ ಆಗಲಿ ಟಾನ್ಸಿಲೈಟಿಸ್ ಆಗಲಿ. ಆದರೆ ‘ಓಮಾ’ ಮೋಸಗಾರ. ಕಾರ್ಸಿನೋಮಾ ಕ್ಯಾನ್ಸರ್, ಲೈಪೋಮಾ ಸಾಮಾನ್ಯವಾಗಿ ನಿರಪಾಯದ ಕೊಬ್ಬಿನ ಗಂಟು, ಗ್ಲಾಕೋಮಾದಲ್ಲಿ ಗಂಟೇ ಇಲ್ಲ, ಅದು ಕಣ್ಣಿನ ರೋಗ. ರಿಪೋರ್ಟ್ ಹಿಡಿದು ರಾತ್ರಿಯೆಲ್ಲ ಮೊಬೈಲ್ ತಡಕುವುದರಿಂದ ನಿದ್ದೆ ಹಾಳು, ಅಷ್ಟೇ. ಬಾಲ ಗೊತ್ತಿರಬೇಕಾದದ್ದು ಪ್ರಶ್ನೆ ಕೇಳಲಿಕ್ಕೆ: ‘ಡಾಕ್ಟ್ರೇ, ಬರೀ ನೋಡ್ತೀರಾ, ಕೊಯ್ತೀರಾ, ತೆಗೀತೀರಾ? ಒಳಗೆ ಬೇರೇನಾದ್ರೂ ಕಂಡರೆ ನಮ್ಮನ್ನ ಕೇಳ್ತೀರಾ?’ ಕೇಳಿದರೆ ಡಾಕ್ಟರ್ ಬೇಸರ ಮಾಡಿಕೊಳ್ಳುತ್ತಾರೆ ಎಂಬ ಅಳುಕು ಬಿಡಿ. ಒಳ್ಳೆಯ ವೈದ್ಯರಿಗೆ ಕೇಳುವ ರೋಗಿಯೇ ವಾಸಿ.

ವೈದ್ಯರಲ್ಲೂ ಒಂದು ಬೇಡಿಕೆ. ಸಹಿಯ ಜಾಗದ ಮೇಲೆ ‘ಗರ್ಭಕೋಶ ತೆಗೆಯುತ್ತೇವೆ’ ಎಂದು ಕೈಯಾರೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ಅರ್ಧ ನಿಮಿಷದ ಕೆಲಸ.

ಇಂಗ್ಲಿಷ್ ಓದಬಲ್ಲ ಮಗ, ಸೊಸೆ, ಪಕ್ಕದ ಬೆಡ್‌ನವರ ಮೊಮ್ಮಗಳು, ಯಾರಿದ್ದರೂ ಆ ಫಾರಂ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಆಪರೇಷನ್ ಮುಗಿದ ಮೇಲೂ ಅನುಮಾನವಿದ್ದರೆ ಚಿಕಿತ್ಸೆಯ ದಾಖಲೆಗಳನ್ನು ಬರವಣಿಗೆಯಲ್ಲಿ ಕೇಳಿ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ 72 ಗಂಟೆಯೊಳಗೆ ಅವನ್ನು ಕೊಡಲೇಬೇಕು.