ಬಿರುದು ಕೊಡುವವರ ಔದಾರ್ಯ, ಪಡೆಯುವವರ ಹಕ್ಕಲ್ಲ

ಹಿಜರಿ 6ನೇ ವರ್ಷ, ಕ್ರಿ.ಶ. 628. ಹುದೈಬಿಯಾದಲ್ಲಿ ಸಂಧಿಪತ್ರ ಸಿದ್ಧವಾಗುತ್ತಿತ್ತು. ಅದನ್ನು ಬರೆಯುತ್ತಿದ್ದ ಅಲಿ(ರ)ರವರು ಪ್ರವಾದಿವರ್ಯರ(ಸ) ಹೆಸರಿನೊಂದಿಗೆ 'ಅಲ್ಲಾಹನ ಸಂದೇಶವಾಹಕ' ಎಂದು ಸೇರಿಸಿದರು. ಕುರೈಶರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್ ಅದನ್ನು ಆಕ್ಷೇಪಿಸಿದನು. ಆ ಪದವನ್ನು ಅಳಿಸಲು ಅಲಿ(ರ)ರವರ ಕೈ ಏಳಲಿಲ್ಲ. ಪ್ರವಾದಿವರ್ಯರು(ಸ) ಸ್ವತಃ ಅದನ್ನು ಅಳಿಸಿ, 'ಅಬ್ದುಲ್ಲಾರ ಪುತ್ರ ಮುಹಮ್ಮದ್' ಎಂದು ಬರೆಯಿಸಿದರು. ಅದರಿಂದ ಅವರ ಸ್ಥಾನಕ್ಕೆ ಎಳ್ಳಷ್ಟೂ ಕುಂದುಂಟಾಗಲಿಲ್ಲ.

ಸಾಕ್ಷಾತ್ ಅಲ್ಲಾಹನೇ ನೀಡಿದ ಪದವಿಯ ವಿಷಯದಲ್ಲಿ ನಿಲುವು ಹೀಗಿದ್ದರೆ, ವರ್ಗಾವಣೆಯ ಒಂದು ಆದೇಶದಿಂದ ಬಂದು ಮತ್ತೊಂದು ಆದೇಶದಿಂದ ಹೋಗುವ ಪದವಿಗೆ ಇಷ್ಟೊಂದು ಹಠವೇಕೆ? ಪಿಂಚಣಿಗಾಗಿ ಬಂದ ವೃದ್ಧೆ ಬಾಯ್ತುಂಬ 'ಮಗನೇ' ಎಂದು ಕರೆದಾಗ ಅಧಿಕಾರಿಯ ಮುಖ ಗಂಟಿಕ್ಕುವುದಾದರೆ, ಆತ ಕಾಯುತ್ತಿರುವುದು ಹುದ್ದೆಯ ಗೌರವವನ್ನಲ್ಲ, ತನ್ನ ಅಹಂಕಾರವನ್ನು. 'ಸಾಹೇಬರೇ' ಎನ್ನಲು ಮರೆತ ಬಡವನ ಅರ್ಜಿ ಕಡತದ ಅಡಿಗೆ ಸರಿಯುವುದಾದರೆ, ಅದು ಅನ್ಯಾಯವಲ್ಲದೆ ಮತ್ತೇನು?

ನಮ್ಮ ದೇಶದ ಸಂವಿಧಾನವೂ ಈ ವ್ಯಾಮೋಹವನ್ನು ಗುರುತಿಸಿದೆ. ಸೈನಿಕ ಮತ್ತು ಶೈಕ್ಷಣಿಕ ಗೌರವಗಳ ಹೊರತು ಬೇರಾವ ಬಿರುದನ್ನೂ ಪ್ರಭುತ್ವವು ನೀಡಬಾರದೆಂದು ಅದರ 18ನೇ ವಿಧಿ ಹೇಳುತ್ತದೆ. 2012ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು, ವಸಾಹತು ಕಾಲದ 'ಹಿಸ್ ಎಕ್ಸಲೆನ್ಸಿ' ಎಂಬ ಸಂಬೋಧನೆಯನ್ನು ದೇಶದೊಳಗಿನ ಸಮಾರಂಭಗಳಲ್ಲಿ ಕೈಬಿಡುವ ಕ್ರಮಕ್ಕೆ ಒಪ್ಪಿಗೆಯಿತ್ತರು. ರಾಷ್ಟ್ರದ ಪ್ರಥಮ ಪ್ರಜೆಗೆ ಬೇಡವೆನಿಸಿದ್ದು ತಾಲೂಕು ಕಚೇರಿಯ ಕುರ್ಚಿಗೆ ಅನಿವಾರ್ಯವೇ?

ಹುದ್ದೆಗೆ ಗೌರವ ಸಲ್ಲಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಸಲ್ಲಬೇಕು. ಪ್ರವಾದಿವರ್ಯರು(ಸ) ಚಕ್ರವರ್ತಿ ಹಿರಾಕ್ಲಿಯಸನಿಗೆ ಬರೆದ ಪತ್ರದಲ್ಲಿ ಅವನನ್ನು ರೋಮನರ ಮಹಾನಾಯಕನೆಂದೇ ಸಂಬೋಧಿಸಿದ್ದರು. ಪುರುಷ ಅಧಿಕಾರಿಯನ್ನು 'ಸರ್' ಎಂದು ಕರೆದು, ಅದೇ ಹುದ್ದೆಯ ಮಹಿಳೆಯನ್ನು ಹಗುರವಾಗಿ ಮಾತನಾಡಿಸುವುದು ನಮ್ಮ ಸಣ್ಣತನ. ಆಕೆ ಅದನ್ನು ತಿದ್ದಿದರೆ ಅದು ಅಹಂಕಾರವಲ್ಲ, ಸಮಾನತೆಯ ಬೇಡಿಕೆ. ಆದರೆ ಗೌರವ ಕೊಡುವುದು ಕೊಡುವವರ ಸಂಸ್ಕಾರ. ಅಧಿಕಾರದ ಬಲದಿಂದ ಕಿತ್ತುಕೊಂಡದ್ದು ಗೌರವವಲ್ಲ, ಕಪ್ಪಕಾಣಿಕೆ.

ಅಧಿಕಾರಿಗಳತ್ತ ಮಾತ್ರ ಬೆರಳು ತೋರಿಸಿ ನಾವು ನುಣುಚಿಕೊಳ್ಳುವಂತಿಲ್ಲ. ನಮ್ಮ ಜಮಾಅತ್‌ಗಳ ಆಮಂತ್ರಣ ಪತ್ರಿಕೆಗಳನ್ನೇ ನೋಡೋಣ. 'ಜನಾಬ್', 'ಅಲ್‌ಹಾಜ್' ಎಂಬ ವಿಶೇಷಣಗಳು ಬಿಟ್ಟುಹೋದುದಕ್ಕೆ ಮುನಿಸಿಕೊಂಡು ಸಭೆಗೆ ಬಾರದವರು ನಮ್ಮಲ್ಲಿಲ್ಲವೇ? ಹಜ್ ಅಲ್ಲಾಹನಿಗಾಗಿ ನಿರ್ವಹಿಸಿದ ಆರಾಧನೆಯಾಗಿದ್ದರೆ, ಅದರ ರಶೀದಿಯನ್ನು ಜನರಿಂದ ಕೇಳುವುದೇಕೆ?

ಹುದ್ದೆಯು ಅಮಾನತ್ ಆಗಿದೆ, ಆಭರಣವಲ್ಲ. ನಾಳೆ ಮಹ್‌ಶರದಲ್ಲಿ, ಜನರು ನಮ್ಮನ್ನು ಏನೆಂದು ಕರೆದರೆಂಬುದಲ್ಲ, ನಮ್ಮ ಮೇಜಿನ ಮುಂದೆ ನಿಂತವರಿಗೆ ನಾವೇನು ಮಾಡಿದೆವೆಂಬುದರ ವಿಚಾರಣೆ ನಡೆಯಲಿದೆ. ಅಲ್ಲಾಹನು ನಮ್ಮೆಲ್ಲರನ್ನೂ ಅಹಂಕಾರದಿಂದ ಕಾಪಾಡಲಿ.