ಮೀನಿನ ಅಳತೆ ಕನ್ನಡದಲ್ಲಿ ಎಷ್ಟು?

ಕಳೆದ ತಿಂಗಳು ಭದ್ರಾವತಿಯ ಮೀನು ಮಾರ್ಕೆಟ್ಟಿಗೆ ಹೋಗುವಾಗ ಜೇಬಿನಲ್ಲಿ ಶಾಲಾ ಮಕ್ಕಳ 15 ಸೆಂಟಿಮೀಟರಿನ ಸ್ಕೇಲು ಇಟ್ಟುಕೊಂಡಿದ್ದೆ. ಬೂತಾಯಿ ರಾಶಿಯಿಂದ ಹತ್ತು ಮೀನು ತೆಗೆದು ಅಳೆದೆ. ಸ್ಕೇಲಿನ ತುದಿ ಮುಟ್ಟಿದ್ದು ಎರಡೇ. "ಏನ್ ಸಾರ್, ಬಟ್ಟೆ ತಗೊಳ್ಳೋ ಹಂಗೆ ಅಳೀತಿದೀರಿ?" ಎಂದ ಅಂಗಡಿಯವನಿಗೆ ಉತ್ತರ ಕೊಡಲು ಹೋದರೆ ಬಾಯಿಗೆ ಬಂದದ್ದು ಬರೀ ಇಂಗ್ಲಿಷ್. ತಡವರಿಸಿ ಕೊನೆಗೆ ಹೇಳಿದೆ: "ಇವು ಇನ್ನೂ ಒಂದು ಸಲವೂ ಮೊಟ್ಟೆ ಇಟ್ಟಿಲ್ಲ." ಆತ ಕೈಯಲ್ಲಿದ್ದ ಮೀನನ್ನೇ ನೋಡುತ್ತ, "ಅದನ್ನ ಯಾರೂ ಹೇಳೇ ಇಲ್ವಲ್ಲ" ಎಂದ.

ಹೇಳಬೇಕಾದವನು ನಾನೇ. ನದಿ ಮೀನುಗಳ ಸಂತಾನೋತ್ಪತ್ತಿ ನನ್ನ ಪಿಎಚ್.ಡಿ. ವಿಷಯ. ನಾಲ್ಕು ವರ್ಷದಲ್ಲಿ ಅದರ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದಿಲ್ಲ. ಬರೆಯಬೇಡ ಎಂದು ಯಾರೂ ತಡೆದಿರಲೂ ಇಲ್ಲ.

ಕಡಲ ಜೀವಿಗಳ ರಕ್ಷಣೆ ಎಂದ ಕೂಡಲೇ ನಮಗೆ ಕಾಣುವುದು ಮುಳುಗುಗಾರರು, ಡಾಲ್ಫಿನ್, ಆಮೆಮರಿ. ನಿಜವಾದ ಕೆಲಸದ ಬಹುಪಾಲು ನಡೆಯುವುದು ಬಂದರಿನ ವಾಸನೆಯಲ್ಲಿ. 1947ರಲ್ಲಿ ಶುರುವಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ದೋಣಿಗಳು ದಡಕ್ಕೆ ಬಂದಾಗ ಮೀನಿನ ಮಾದರಿ ತೆಗೆದುಕೊಳ್ಳುತ್ತಾರೆ. ಉದ್ದ ಅಳೆಯುತ್ತಾರೆ, ತೂಗುತ್ತಾರೆ, ಹೊಟ್ಟೆ ಸೀಳಿ ತತ್ತಿ ಬಲಿತಿದೆಯೇ ಎಂದು ನೋಡುತ್ತಾರೆ. ಮರದ ಕಾಂಡದಲ್ಲಿ ಉಂಗುರ ಎಣಿಸುವ ಹಾಗೆ ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ಗೆರೆ ಎಣಿಸಿ ವಯಸ್ಸು ತಿಳಿಯುತ್ತಾರೆ. ಬೂತಾಯಿ ಸುಮಾರು 15 ಸೆಂ.ಮೀ. ಹೊತ್ತಿಗೆ ಪ್ರಾಯಕ್ಕೆ ಬರುತ್ತದೆ ಎಂಬುದು ಗೊತ್ತಾದದ್ದು ಹೀಗೆ. ಇಂಥ ಅಧ್ಯಯನಗಳ ಬಲದಿಂದಲೇ ಕೇರಳ 2015ರಲ್ಲಿ 14 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ಗೊತ್ತುಮಾಡಿತು: ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14.

ತಡವಾದರೆ ಏನಾಗುತ್ತದೆ ಎಂಬುದಕ್ಕೂ ಕೇರಳವೇ ಸಾಕ್ಷಿ. 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 4 ಸಾವಿರ ಟನ್ನೂ ಸಿಗಲಿಲ್ಲ. ಕಡಲಿನ ಉಷ್ಣತೆಯ ಏರುಪೇರು ದೊಡ್ಡ ಕಾರಣ, ನಿಜ. ಆದರೆ ಸೊರಗಿದ ಸಂತತಿಯ ಮರಿಗಳನ್ನೂ ಬಾಚಿಕೊಂಡರೆ ಅದು ಚೇತರಿಸಿಕೊಳ್ಳುವುದಾದರೂ ಹೇಗೆ?

ಇದು ಕರಾವಳಿಯವರ ಸಮಸ್ಯೆ, ಮಲೆನಾಡಿನವರಿಗೇನು ಎನ್ನುವವರಿದ್ದಾರೆ. ಐಸು ತುಂಬಿಕೊಂಡು ಘಟ್ಟ ಹತ್ತಿ ಶಿವಮೊಗ್ಗಕ್ಕೆ ಬರುವ ಗಾಡಿಗಳು ಯಾರಿಗಾಗಿ ಬರುತ್ತವೆ? ತೀರ್ಥಹಳ್ಳಿಯ ಛಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವವರೂ ನಾವೇ, ಸಂತೆಯಲ್ಲಿ ಮರಿಮೀನಿಗೆ ಚೌಕಾಸಿ ಮಾಡುವವರೂ ನಾವೇ. ಬೈಯುವಾಗ ಮಾತ್ರ ಮೀನುಗಾರರನ್ನು ಬೈಯುತ್ತೇವೆ. ಮುಂಗಾರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ದಡಕ್ಕೆ ಕಟ್ಟಿ ಕೂರುವವರು ಅವರು. ಮೀನಿಗಾಗಿ ನಾವು ಒಂದು ದಿನವನ್ನಾದರೂ ಬಿಟ್ಟುಕೊಟ್ಟಿದ್ದೇವೆಯೇ?

ಬಲವಾದ ಆಕ್ಷೇಪ ಬಂದದ್ದು ನನ್ನ ಅಮ್ಮನಿಂದ. "ಸಣ್ಣ ಮೀನು ಅಗ್ಗ ಕಣೋ. ದೊಡ್ಡದು ತಗೊಳ್ಳೋಕೆ ದುಡ್ಡು ನೀನು ಕೊಡ್ತೀಯಾ?" ಕಾಗದದ ಕಾರ್ಖಾನೆಯ ಸಂಬಳದಲ್ಲಿ ಮನೆ ನಡೆಸಿದವಳು ಅಮ್ಮ. ಅವಳ ಲೆಕ್ಕ ಸರಿಯಾಗಿದೆ. ಆದರೆ ಬೂತಾಯಿ ಬರಿದಾದ ವರ್ಷ ಮೊದಲು ಖಾಲಿಯಾಗುವುದೂ ಬಡವರ ತಟ್ಟೆಯೇ. ಎಲ್ಲ ಸಣ್ಣ ಮೀನೂ ಮರಿಯಲ್ಲ, ಬೆಳೆದ ಮೇಲೂ ಸಣ್ಣದಾಗಿಯೇ ಇರುವ ಜಾತಿಗಳಿವೆ. ಯಾವುದು ಮರಿ, ಯಾವುದು ಸಣ್ಣ ಜಾತಿ ಎಂದು ಅಮ್ಮನಿಗೆ ಹೇಳುವುದು ವಿಜ್ಞಾನದ ಕೆಲಸ. ಅವಳು ಇಂಗ್ಲಿಷ್ ಪ್ರಬಂಧ ಓದುವುದಿಲ್ಲ.

ಇನ್ನೊಂದು ಆಕ್ಷೇಪ: ಮರಿಮೀನಿನ ದೊಡ್ಡ ಪಾಲು ಹೋಗುವುದು ಮೀನುಪುಡಿ ಕಾರ್ಖಾನೆಗೆ, ನಮ್ಮ ಒಂದು ಕಿಲೋದಿಂದ ಏನಾದೀತು? ಒಪ್ಪುತ್ತೇನೆ. ಆದರೆ ಕಾರ್ಖಾನೆಯನ್ನೂ ಬಲೆಯ ಕಣ್ಣಿನ ಅಗಲವನ್ನೂ ಪ್ರಶ್ನಿಸಲು ಜನಕ್ಕೆ ಮೊದಲು ಅಳತೆ ಗೊತ್ತಿರಬೇಕು. ಗೊತ್ತಿಲ್ಲದ ಅಳತೆಗಾಗಿ ಯಾರೂ ಜಗಳವಾಡುವುದಿಲ್ಲ.

ಮಾತು ಕೆಲಸ ಮಾಡುತ್ತದೆ ಎನ್ನಲು ಗುಜರಾತಿನ ತಿಮಿಂಗಿಲ ಶಾರ್ಕ್ ಸಾಕ್ಷಿ. 2001ರಲ್ಲಿ ಕಾನೂನು ಆ ದೈತ್ಯ ಮೀನಿಗೆ ಪೂರ್ಣ ರಕ್ಷಣೆ ಕೊಟ್ಟಿತು. 2004ರಲ್ಲಿ ಶುರುವಾದ ಅಭಿಯಾನ ಅದಕ್ಕೆ 'ವ್ಹಾಲಿ', ಅಂದರೆ ಪ್ರೀತಿಯವಳು, ಎಂಬ ಹೆಸರಿಟ್ಟು ಊರೂರಲ್ಲಿ ನಾಟಕವಾಡಿಸಿತು. ಕಥಾವಾಚಕ ಮೊರಾರಿ ಬಾಪು ಅದನ್ನು ತವರಿಗೆ ಬರುವ ಮಗಳೆಂದು ಕರೆದರು. ಹರಿದ ಬಲೆಗೆ ಸರ್ಕಾರ ಪರಿಹಾರವನ್ನೂ ಕೊಟ್ಟಿತು. ಮುಂಚೆ ಅದನ್ನು ಬೇಟೆಯಾಡುತ್ತಿದ್ದವರೇ ಬಲೆ ಕತ್ತರಿಸಿ ನೂರಾರು ಶಾರ್ಕ್‌ಗಳನ್ನು ಕಡಲಿಗೆ ಬಿಟ್ಟರು. ಕಾನೂನು, ದುಡ್ಡು, ಭಾಷೆ ಮೂರೂ ಸೇರಿದ್ದರಿಂದ ಆದ ಕೆಲಸ ಇದು. ನಮ್ಮಲ್ಲಿ ಮೂರನೆಯದನ್ನು ಯಾರೂ ತಮ್ಮ ಕೆಲಸ ಎಂದುಕೊಂಡಿಲ್ಲ.

ಕಾಡಿನ ವಿಷಯದಲ್ಲಿ ಕನ್ನಡ ಹೀಗೆ ಸುಮ್ಮನಿರಲಿಲ್ಲ. ಬಿ.ಜಿ.ಎಲ್. ಸ್ವಾಮಿ ಗಿಡಮರಗಳನ್ನೂ ತೇಜಸ್ವಿ ಹಕ್ಕಿಗಳನ್ನೂ ನಮ್ಮ ಮನೆಮಾತಿನೊಳಗೆ ತಂದರು. ಕಡಲು ಮಾತ್ರ ನಮ್ಮ ಕವಿಗೋಷ್ಠಿಗಳಲ್ಲಿ ಇನ್ನೂ ವಿರಹಕ್ಕೆ, ವೈರಾಗ್ಯಕ್ಕೆ ಉಪಮೆಯಾಗಿಯೇ ಉಳಿದಿದೆ. ಆ ಉಪಮೆಯೊಳಗೆ ಮೀನಿಲ್ಲ.

ಆದ್ದರಿಂದ ನನ್ನ ಬೇಡಿಕೆ ಎರಡು. ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರತಿ ಜೀವಶಾಸ್ತ್ರ ಪ್ರಬಂಧದ ಜೊತೆ, ಸಂತೆಯಲ್ಲಿ ನಿಂತು ಓದಿ ಹೇಳಬಹುದಾದ ಎರಡು ಪುಟದ ಕನ್ನಡ ಕಡ್ಡಾಯವಾಗಲಿ. ಪ್ರತಿ ಮೀನು ಮಾರ್ಕೆಟ್ಟಿನ ಗೋಡೆಯ ಮೇಲೆ ಮೀನಿನ ಚಿತ್ರ, ನಮ್ಮೂರಿನ ಹೆಸರು, ಪ್ರಾಯಕ್ಕೆ ಬರುವ ಉದ್ದ ಬರೆದಿರಲಿ. ನನ್ನ ಎರಡು ಪುಟ ಈ ವಾರ ಮುಗಿದಿದೆ. ಮೊದಲ ಪ್ರತಿಯನ್ನು ಆ ಅಂಗಡಿಯವನಿಗೇ ಕೊಡುತ್ತೇನೆ, ಸ್ಕೇಲಿನ ಸಮೇತ.